ಬಂಗಾರಪ್ಪನ ಜಪಾನ್ ವಾಲಿಬಾಲ್ ನಾಟಕ

ಹೋದ ವಾರದ ನನ್ನ ವಾಯ್ಸ್ ನೋಟ್ ಕೇಳಿ ಗುಂಪಿನಲ್ಲಿ ಇಬ್ಬರು ಬರೆದಿದ್ದೀರಿ, ಅಜ್ಜನಿಗೆ ಮರೆವು ಬಂದಿದೆ, ಒಂದೂರಿನ ಕಥೆಯನ್ನು ಇನ್ನೊಂದೂರಿಗೆ ಅಂಟಿಸುತ್ತಾನೆ ಅಂತ. ಹೆಸರು ಹೇಳುವುದಿಲ್ಲ. ಒಬ್ಬ ತನ್ನ ಮದುವೆಯ ದಿನವನ್ನೇ ಮರೆತು ಎರಡು ದಿನ ಮನೆಯಲ್ಲಿ ಊಟ ಕಾಣದವನು. ಇನ್ನೊಬ್ಬ ಬಸ್ ಸ್ಟ್ಯಾಂಡಿನಲ್ಲಿ ಸ್ಕೂಟರ್ ಬಿಟ್ಟು ನಡೆದುಕೊಂಡು ಮನೆಗೆ ಬಂದು, ಕಳುವಾಯಿತೆಂದು ದೂರು ಕೊಟ್ಟವನು. ಇಂಥವರು ನನ್ನ ನೆನಪಿನ ಪರೀಕ್ಷೆ ತೆಗೆದುಕೊಳ್ಳುತ್ತಾರೆ. ಆ ದಿನ ಚನ್ನಗಿರಿಯ ರಂಗಮಂದಿರದಲ್ಲಿ ಮುಂದಿನ ಸಾಲಿನ ಎಡದಿಂದ ಮೂರನೇ ಕುರ್ಚಿಯ ಕಾಲು ಮುರಿಯಿತು. ಅದರಲ್ಲಿ ಕೂತಿದ್ದವನು ನಾನು. ನನ್ನ ತಲೆ ಮರೆತರೂ ಸೊಂಟ ಮರೆಯುವುದಿಲ್ಲ. ಈಗ ಸುಮ್ಮನೆ ಕೇಳಿ.

ಕಥೆ ಸಾಸ್ವೆಹಳ್ಳಿಯ ಬಂಗಾರಪ್ಪನದು. ಬಂಗಾರಪ್ಪ ನಾಟಕದ ಪ್ರಾಂಪ್ಟರ್. ಅಂದರೆ ರಂಗದ ಪಕ್ಕದ ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ಕೂತು, ಮಾತು ಮರೆತ ಪಾತ್ರಧಾರಿಗೆ ಮಾತು ಹೇಳಿಕೊಡುವವನು. ಮೂವತ್ತೊಂದು ವರ್ಷ ಅದನ್ನೇ ಮಾಡಿದ್ದ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಕಡೆ ಯಾವ ರಾಜ ಸಿಂಹಾಸನದ ಮೇಲೆ ಕೂತು ಗುಡುಗಿದರೂ, ಆ ಗುಡುಗು ಮೊದಲು ಬಂಗಾರಪ್ಪನ ಬಾಯಿಂದ ಪಿಸುಮಾತಾಗಿ ಹೊರಟಿರುತ್ತಿತ್ತು. ಜನ ಅವನ ಮುಖ ನೋಡಿದ್ದಿಲ್ಲ. ಅಭ್ಯಾಸ ಎಷ್ಟು ಬಲಿತಿತ್ತೆಂದರೆ, ಮನೆಯಲ್ಲಿ ಹೆಂಡತಿ ಭೀಮಕ್ಕ ಮಾತಿನ ನಡುವೆ ಉಸಿರು ತೆಗೆದುಕೊಂಡರೂ ಮುಂದಿನ ಮಾತನ್ನು ಇವನೇ ಹೇಳಿಬಿಡುತ್ತಿದ್ದ.

“ನಿಮ್ಮಂಥ ಗಂಡನ್ನ ಕಟ್ಕೊಂಡು ನಾನು...” ಎಂದು ಆಕೆ ಶುರು ಮಾಡಿದರೆ, “ಏನು ಸುಖ ಕಂಡೆ,” ಎನ್ನುತ್ತಿದ್ದ ಬಂಗಾರಪ್ಪ, ಪಿಸುದನಿಯಲ್ಲಿ.

ಅವನಿಗೆ ಇದ್ದದ್ದು ಒಂದೇ ಆಸೆ. ಸಾಯುವುದರೊಳಗೆ ಯಾರಾದರೂ ತನ್ನನ್ನು ‘ಮೇಷ್ಟ್ರೆ’ ಎಂದು ಕರೆಯಬೇಕು. ನಾಟಕದವರಲ್ಲಿ, ಕಲಿಸಿದವನಿಗೆ ಮಾತ್ರ ಆ ಹೆಸರು ಸಲ್ಲುತ್ತದೆ. ಅವನಿಗೆ ಹಾರ, ಅವನಿಗೆ ಕರಪತ್ರದಲ್ಲಿ ದಪ್ಪಕ್ಷರ. ಪ್ರಾಂಪ್ಟರನ ಹೆಸರು ಜನರೇಟರ್‌ನವರ ಹೆಸರಿನ ಕೆಳಗೆ, ಅದೂ ಕಾಗದದಲ್ಲಿ ಜಾಗ ಉಳಿದರೆ.

ಹಿಂಗಿರುವಾಗ ಒಂದು ಸಂಜೆ ಮಗಳು ಅನಿತಾ ಮೊಬೈಲ್ ಹಿಡಿದು ನಗುತ್ತಿದ್ದಳು. ಶಿವಮೊಗ್ಗದಲ್ಲಿ ಓದುವ ಹುಡುಗಿ, ಜಪಾನಿನ ಕಾಮಿಕ್ಸ್ ಚಿತ್ರಕಥೆಗಳ ಹುಚ್ಚು. ಬಂಗಾರಪ್ಪ ಇಣುಕಿದ. ರಂಗದ ಮೇಲೆ ಹಸಿರು ಕೂದಲು, ಗುಲಾಬಿ ಕೂದಲಿನ ಹುಡುಗರು ನೆಗೆಯುತ್ತಿದ್ದರು, ಹಾಡುತ್ತಿದ್ದರು, ಗಾಳಿಗೆ ಹೊಡೆಯುತ್ತಿದ್ದರು.

“ಏನವ್ವ ಇದು? ಇವರಿಗೆಲ್ಲ ಏನಾಗೈತೆ?”

“ವಾಲಿಬಾಲ್ ಆಡ್ತಾ ಅದಾರೆ ಅಪ್ಪಾ. ಜಪಾನ್‌ನಾಗೆ ಆಟದ ಮೇಲೆ ಚಿತ್ರಕಥೆ ಬರೀತಾರೆ. ಅದು ಜನಕ್ಕೆ ಹಿಡಿಸಿದ್ರೆ ಹಾಡು ಹಾಕಿ ನಾಟಕ ಮಾಡ್ತಾರೆ. ಬಡ ಸ್ಕೂಲಿನ ಟೀಮು ಕೊನೇ ಪಾಯಿಂಟ್‌ನಾಗೆ ದೊಡ್ಡ ಟೀಮನ್ನ ಸೋಲಿಸ್ತತೆ.”

“ಚೆಂಡೆಲ್ಲಿ?”

“ಚೆಂಡು ಇರಲ್ಲ. ಸದ್ದು ಮಾತ್ರ. ಉಳಿದಿದ್ದು ನೋಡೋರು ಅಂದ್ಕೋಬೇಕು.”

ಬಂಗಾರಪ್ಪ ಇಡೀ ನಾಟಕವನ್ನು ಕಣ್ಣು ಮಿಟುಕಿಸದೆ ನೋಡಿದ. ಭೀಮಕ್ಕ ಮೂರು ಸಲ ಊಟಕ್ಕೆ ಕರೆದಳು, ಮೂರು ಸಲವೂ ಆಕೆಯ ಮಾತು ಪೂರ್ತಿಯಾಯಿತು. ಆಗಲೇ ಆಕೆಗೆ ಗಾಬರಿ.

ಮಾರನೇ ದಿನ ಹೊನ್ನಾಳಿ ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಮಿರ್ಚಿ ಮಂಡಕ್ಕಿ ಮುಂದಿಟ್ಟುಕೊಂಡು ನಾಟಕದವರು ಕೂತಿದ್ದರು. ನ್ಯಾಮತಿಯ ನಿಂಗರಾಜ್ ಇದ್ದ. ರಾಕ್ಷಸನ ಪಾತ್ರಕ್ಕೆ ಹೆಸರಾದ ದೊಡ್ಡ ಆಳು, ಸಾಯುವ ಮುಂಚೆ ಮೂರು ಹಾಡು ಹಾಡದೆ ಯಾವ ನಾಟಕದಲ್ಲೂ ಸತ್ತವನಲ್ಲ. ಚನ್ನಗಿರಿಯ ಕಲಾ ಸಂಘದ ಅಧ್ಯಕ್ಷ ಸಿದ್ದಲಿಂಗೇಶ್ ಇದ್ದ. ಸಂಘದ ಈ ವರ್ಷದ ನಾಟಕ ಯಾವುದು, ಮೇಷ್ಟ್ರು ಯಾರು ಎಂಬ ಮಾತು ನಡೆದಿತ್ತು.

“ನಾನು ಒಂದು ಕಲಿಸ್ಲಾ?” ಅಂದ ಬಂಗಾರಪ್ಪ.

ನಿಂಗರಾಜ್ ಮಂಡಕ್ಕಿ ಉಗುಳಿಕೊಂಡು ನಕ್ಕ. “ಬಂಗಾರಣ್ಣ, ನೀನು ಪುಸ್ತಕ ಇಡೋ ಸ್ಟ್ಯಾಂಡ್ ಇದ್ದಂಗೆ. ಸ್ಟ್ಯಾಂಡು ಪಾಠ ಹೇಳಿದ್ದು ಎಲ್ಲಾದ್ರೂ ಕಂಡೀಯಾ?”

ಎಲ್ಲರೂ ನಕ್ಕರು. ಹೋಟೆಲಿನವನೂ ನಕ್ಕ, ಅವನಿಗೆ ವಿಷಯ ಗೊತ್ತಿರಲಿಲ್ಲ. ಬಂಗಾರಪ್ಪನಿಗೆ ಮಿರ್ಚಿ ನೆತ್ತಿಗೆ ಹತ್ತಿತು. “ನೀವು ಮಾಡಿದ್ದೇ ಮಾಡ್ಕೊಂಡು ಕೂತಿರಿ. ನಾನು ಕಲಿಸೋದು ಜಪಾನ್ ನಾಟಕ. ವಾಲಿಬಾಲ್ ನಾಟಕ. ಚೆಂಡಿಲ್ಲದೆ ಆಡ್ಸ್ತೀನಿ, ಜನ ಚೆಂಡು ಕಂಡೆ ಅಂತ ಆಣೆ ಮಾಡಬೇಕು, ಹಂಗೆ ಆಡ್ಸ್ತೀನಿ.”

ಈ ಮಾತು ನೆನಪಿಟ್ಟುಕೊಳ್ಳಿ. ಬಂಗಾರಪ್ಪ ಆಡಿದ ಮಾತಿನಲ್ಲಿ ಅಕ್ಷರಶಃ ನಿಜವಾದದ್ದು ಇದೊಂದೇ.

ಸಿದ್ದಲಿಂಗೇಶ್ ಹೊಸತನದ ಹುಚ್ಚಿನವನು. “ಆಗಲಿ ಬಂಗಾರಣ್ಣ. ಒಂದೇ ಷರತ್ತು. ನಾಟಕ ಮಂಗಳ ಮುಟ್ಟಬೇಕು. ಮಂಗಳ ಹಾಡಾಗದೆ ಅರ್ಧಕ್ಕೆ ನಿಂತ ನಾಟಕದ ಮೇಷ್ಟ್ರನ್ನ ನಮ್ಮ ಸಂಘ ಮತ್ತೆ ರಂಗ ಹತ್ತಿಸಲ್ಲ, ನಿನಗೂ ಗೊತ್ತೈತೆ. ಮುಟ್ಟಿತೋ, ಮುಂದಿನ ವರ್ಷದ ನಾಟಕನೂ ನಿನ್ನದೇ. ಇಲ್ಲಾ, ಪುಸ್ತಕ ಹಿಡಿ.”

ತಯಾರಿ ಶುರುವಾಯಿತು. ನಾಟಕದವರಿಗೆ ನೆಗೆಯಲು ಬಾರದು, ವಾಲಿಬಾಲಿನವರಿಗೆ ಹಾಡಲು ಬಾರದು. ಬಡ ತಂಡದ ನಾಯಕನ ಪಾತ್ರಕ್ಕೆ ಹೊನ್ನಾಳಿಯ ವಿನೋದ್ ಸಿಕ್ಕ. ನಿಜವಾಗಿ ಟೂರ್ನಮೆಂಟ್ ಆಡುವ ಹುಡುಗ, ದನಿ ಮಾತ್ರ ಪಂಪ್‌ಸೆಟ್ಟಿನದು. ದೊಡ್ಡ ತಂಡದ ನಾಯಕ ನಿಂಗರಾಜ್. ಅಂಪೈರ್ ಪಾತ್ರಕ್ಕೆ ಪಿ.ಟಿ. ಮೇಷ್ಟ್ರು ಕೃಷ್ಣ ಬಂದರು, ಸ್ವಂತ ಸೀಟಿ ಇತ್ತೆಂಬ ಕಾರಣಕ್ಕೆ. ಸುಣ್ಣ ಬಳಿಯುವವರ ಏಣಿ ಅವರ ಆಸನವಾಯಿತು.

ಅಂಗಿಗೆ ಏನು ಮಾಡುವುದು? ವಿನೋದ್ ತನ್ನ ಕ್ಲಬ್ಬಿನ ಜೆರ್ಸಿ ತಂದ. ಬೆನ್ನ ಮೇಲೆ ದೊಡ್ಡದಾಗಿ ‘ಹೊನ್ನಾಳಿ’. ಅದನ್ನು ನೋಡಿ ನಿಂಗರಾಜ್ ತಮ್ಮೂರ ಕ್ಲಬ್ಬಿನದು ತಂದ. ಬೆನ್ನ ಮೇಲೆ ಇನ್ನೂ ದೊಡ್ಡದಾಗಿ ‘ನ್ಯಾಮತಿ’.

“ಅಪ್ಪಾ, ಇದು ಬ್ಯಾಡ,” ಅಂದಳು ಅನಿತಾ. “ಜನ ನಿಜವಾದ ಮ್ಯಾಚ್ ಅಂದ್ಕೋತಾರೆ.”

“ಚೆಂಡೇ ಇಲ್ಲ ಅಂದ್ಮೇಲೆ ಮ್ಯಾಚ್ ಅಂತ ಯಾರು ಅಂದ್ಕೋತಾರೆ ತಾಯಿ,” ಅಂದ ಬಂಗಾರಪ್ಪ. ತರ್ಕದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ಎರಡು ತಾಲೂಕುಗಳಲ್ಲಿ.

ಕೂದಲಿಗೆ ಜಗಳೂರಿನ ತಿಪ್ಪೇರುದ್ರಸ್ವಾಮಿಗೆ ಫೋನ್ ಹೋಯಿತು. ನಾಟಕಗಳಿಗೆ ವೇಷ, ಕಿರೀಟ, ಕೂದಲು ಬಾಡಿಗೆಗೆ ಕೊಡುವವರು.

“ಸ್ವಾಮೇರ, ಬಣ್ಣದ ಕೂದಲು ಬೇಕಿತ್ತು. ವಾಲಿಬಾಲ್ ಆಡೋರಿಗೆ.”

“ನೋಡಪ್ಪ, ನನ್ನ ಹತ್ರ ಇರೋದು ಎರಡು ಪೆಟ್ಟಿಗೆ. ಒಂದು ದೇವರದು, ಒಂದು ರಾಕ್ಷಸರದು. ವಾಲಿಬಾಲ್ ಆಡೋರು ಯಾವುದರಾಗೆ ಬರ್ತಾರೆ?”

ಬಂಗಾರಪ್ಪ ಯೋಚಿಸಿ ಎರಡೂ ಕಳಿಸಿ ಅಂದ. ಹೊನ್ನಾಳಿ ತಂಡಕ್ಕೆ ನೀಲಿ ಗುಂಗುರು, ನ್ಯಾಮತಿ ತಂಡಕ್ಕೆ ಕೆಂಪು ಕೆದರುಗೂದಲು ಬಂತು. ನಿಂಗರಾಜ್ ಕನ್ನಡಿ ನೋಡಿಕೊಂಡು ತೃಪ್ತನಾದ. ಅವನ ತಲೆಗೆ ಆ ಕೂದಲು ಹದಿನೈದು ವರ್ಷದಿಂದ ಪರಿಚಯ.

ಇನ್ನೊಂದು ಸಂಗತಿ ಹೇಳಬೇಕು, ಇಡೀ ಅನಾಹುತದ ಬೇರು ಅದೇ. ನಮ್ಮ ಕಡೆಯ ನಾಟಕದಲ್ಲಿ ಪಾತ್ರಧಾರಿಗೆ ಪೂರ್ತಿ ಪುಸ್ತಕ ಕೊಡುವ ಪದ್ಧತಿ ಇಲ್ಲ. ಅವನವನ ಮಾತು, ಅವನವನ ಹಾಡು, ಅಷ್ಟನ್ನೇ ನೋಟ್‌ಬುಕ್ಕಿನಲ್ಲಿ ಬರೆದು ಕೊಡುತ್ತಾರೆ. ನಾಟಕದಲ್ಲಿ ಒಟ್ಟು ಏನಾಗುತ್ತದೆ ಎಂಬುದು ಗೊತ್ತಿರುವುದು ಮೇಷ್ಟ್ರಿಗೆ ಮತ್ತು ಪ್ರಾಂಪ್ಟರನಿಗೆ. ಇಲ್ಲಿ ಇಬ್ಬರೂ ಬಂಗಾರಪ್ಪನೇ. ನಿಂಗರಾಜನ ನೋಟ್‌ಬುಕ್ಕಿನಲ್ಲಿ ಒಂಬತ್ತು ಹಾಡಿದ್ದವು, ಎಲ್ಲದರಲ್ಲೂ ಅವನು ಎದುರಾಳಿಯ ಹುಟ್ಟಡಗಿಸುತ್ತಿದ್ದ. ಕೊನೆಯ ಮಾತು ಮಾತ್ರ ‘ಅಯ್ಯೋ, ಇದೇನಾಯಿತು’ ಎಂದಿತ್ತು. ಸೋತ ಹುಡುಗರ ಮೇಲೆ ಕನಿಕರದಿಂದ ಆಡುವ ಮಾತು ಎಂದು ನಿಂಗರಾಜ್ ತಿಳಿದುಕೊಂಡ. ವಿನೋದ್ ತಾಲೀಮಿಗೆ ಭಾನುವಾರ ಬರುತ್ತಿದ್ದ, ನಿಂಗರಾಜ್ ಗುರುವಾರ. ಕೊನೆಯ ದೃಶ್ಯವನ್ನು ಇಬ್ಬರೂ ಕೂಡಿ ಆಡಿದ್ದೇ ಇಲ್ಲ. ನಿಂಗರಾಜ್ ನ್ಯಾಮತಿಯಲ್ಲಿ ಸಿಕ್ಕಸಿಕ್ಕವರಿಗೆ, “ಚನ್ನಗಿರಿಗೆ ಬರ್ರಿ, ಹೊನ್ನಾಳಿಯವರ ಗತಿ ಏನಾಗ್ತತೆ ನೋಡಿ,” ಎಂದು ಹೇಳಿಕೊಂಡು ಬಂದ.

ಭಾನುವಾರ ಮಧ್ಯಾಹ್ನ ಮೂರಕ್ಕೆ ನಾಟಕ. ನ್ಯಾಮತಿಯಿಂದ ಎರಡು ಬಸ್ ಬಂತು, ಅದು ತಿಳಿದು ಹೊನ್ನಾಳಿಯಿಂದ ಮೂರು. ಎಡಗಡೆ ನ್ಯಾಮತಿಯವರು, ಬಲಗಡೆ ಹೊನ್ನಾಳಿಯವರು. ನಡುವೆ ಚನ್ನಗಿರಿಯವರು, ಎರಡೂ ಕಡೆಯವರ ಮಂಡಕ್ಕಿ ತಿನ್ನುತ್ತಾ. ಭೀಮಕ್ಕ ಎರಡನೇ ಸಾಲಿನಲ್ಲಿ ಕೂತಿದ್ದಳು.

“ನಿಮ್ಮೋರದು ಯಾವ ಪಾತ್ರ?” ಅಂತ ಪಕ್ಕದವಳು ಕೇಳಿದಳು.

“ಪರದೆ ಅಲ್ಲಾಡ್ತತಲ್ಲ, ಅದರ ಹಿಂದೆ,” ಅಂದಳು ಭೀಮಕ್ಕ.

ಪರದೆ ಎದ್ದಿತು. ಮೊದಲ ಹತ್ತು ನಿಮಿಷ ನಾಟಕ ಎಷ್ಟು ಚೆನ್ನಾಗಿ ನಡೆಯಿತೆಂದರೆ ಬಂಗಾರಪ್ಪನ ಕಣ್ಣಲ್ಲಿ ನೀರು ಬಂದು ಪುಸ್ತಕದ ಅಕ್ಷರ ಕಾಣದಂತಾಯಿತು. ಹುಡುಗರು ಹಾಡುತ್ತಾ ನೆಗೆದು ಗಾಳಿಗೆ ಹೊಡೆಯುವುದು, ತಬಲಾದವನು ‘ಢಂ’ ಅನ್ನಿಸುವುದು, ಏಣಿಯ ಮೇಲೆ ಕೃಷ್ಣ ಮೇಷ್ಟ್ರು ಸೀಟಿ ಊದಿ ಕೈ ತೋರಿಸುವುದು, ಅನಿತಾ ಅಂಕೆಯ ರಟ್ಟು ತಿರುಗಿಸುವುದು. ಜನರ ಕತ್ತು ಇಲ್ಲದ ಚೆಂಡಿನ ಜೊತೆ ಎಡಕ್ಕೂ ಬಲಕ್ಕೂ ಹೊರಳುತ್ತಿತ್ತು.

ಐದೈದು ಸಮ ಇದ್ದಾಗ ನಿಂಗರಾಜ್ ತನ್ನ ಮೊದಲ ದೊಡ್ಡ ಹಾಡು ಹಾಡಿ, ಹೊಡೆದು, ಪಾಯಿಂಟ್ ತೆಗೆದ. ಎಡಗಡೆಯಿಂದ ಕೂಗು ಎದ್ದಿತು: “ಒನ್ಸ್ ಮೋರ್.”

ಒನ್ಸ್ ಮೋರ್ ಬಿದ್ದ ಹಾಡನ್ನು ಮತ್ತೆ ಹಾಡಲೇಬೇಕು. ನಮ್ಮ ರಂಗದ ಕಾಯಿದೆ ಅದು. ನಿಂಗರಾಜ್ ಮತ್ತೆ ಹಾಡಿದ, ಮತ್ತೆ ಹೊಡೆದ, ತಬಲಾ ಮತ್ತೆ ಢಂ ಅಂದಿತು.

“ಎರಡು ಸಲ ಹೊಡೆದಾನೆ, ಎರಡು ಪಾಯಿಂಟ್ ಹಾಕ್ರಿ,” ಅಂದರು ನ್ಯಾಮತಿಯವರು.

“ಹೊಡೆದಿದ್ದು ಅದೇ ಚೆಂಡು. ಒಂದೇ,” ಅಂದರು ಹೊನ್ನಾಳಿಯವರು.

ಅನಿತಾ ರಟ್ಟು ಹಿಡಿದು ಅಪ್ಪನ ಕಡೆ ನೋಡಿದಳು. ಅಪ್ಪ ಪುಸ್ತಕ ನೋಡಿದ. ಪುಸ್ತಕದಲ್ಲಿ ಇದಿರಲಿಲ್ಲ. ಆಗ ಕೃಷ್ಣ ಮೇಷ್ಟ್ರು ಏಣಿಯ ಮೇಲೆ ಎದ್ದು ನಿಂತರು. ಇಪ್ಪತ್ತೆರಡು ವರ್ಷ ಅಂಪೈರ್ ಆದವರು, ಅದು ಪಾತ್ರ ಎಂಬುದು ಆ ಹೊತ್ತಿಗೆ ಅವರಿಗೂ ಮರೆತಿತ್ತು. “ಒನ್ಸ್ ಮೋರ್ ಬಿದ್ರೆ ಹಿಂದಿನ ಪಾಯಿಂಟ್ ರದ್ದು. ಚೆಂಡು ಮತ್ತೆ ಆಡಬೇಕು. ಕೊನೇ ಸಲ ಬಿದ್ದಿದ್ದೇ ಲೆಕ್ಕ,” ಎಂದು ತೀರ್ಪು ಕೊಟ್ಟರು.

ಎರಡೂ ಕಡೆಯವರು ಒಪ್ಪಿದರು. ಆ ತೀರ್ಪಿನಲ್ಲಿ ಏನು ಅಡಗಿದೆ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ಕೊನೆಯ ದೃಶ್ಯದಲ್ಲಿ. ಹೊನ್ನಾಳಿ ಇಪ್ಪತ್ತನಾಲ್ಕು, ನ್ಯಾಮತಿ ಇಪ್ಪತ್ತಮೂರು. ವಿನೋದ್ ಪಂಪ್‌ಸೆಟ್ ದನಿಯಲ್ಲಿ ಗೆಲುವಿನ ಹಾಡು ಹಾಡಿ, ಆಳೆತ್ತರ ನೆಗೆದು ಹೊಡೆದ. ಢಂ. ಬಲಗಡೆಯವರು ಕುರ್ಚಿಯ ಮೇಲೆ ಹತ್ತಿದರು. ನಿಂಗರಾಜ್ ತನ್ನ ಕೊನೆಯ ಮಾತು ಆಡಲು ಬಾಯಿ ತೆರೆದವನು ಹಾಗೇ ನಿಂತ. ಆಮೇಲೆ ನಿಧಾನಕ್ಕೆ ಪರದೆಯ ಹತ್ತಿರ ಸರಿದ.

“ಬಂಗಾರಣ್ಣ, ಈ ಪಾಯಿಂಟ್ ಯಾರಿಗೆ?”

“ಅವರಿಗೆ.”

“ಅಂದ್ರೆ ನಾನು ಸೋಲ್ತೀನಾ?”

“ನೀನಲ್ಲಪ್ಪ, ಪಾತ್ರ ಸೋಲ್ತತೆ.”

“ಎರಡು ಬಸ್ ಜನ ಬಂದಾರೆ. ಅವರಿಗೆ ಪಾತ್ರ ಅಂತ ನೀನು ಹೇಳ್ತೀಯಾ?”

ಹೇಳುವ ಅಗತ್ಯ ಬೀಳಲಿಲ್ಲ. ಎಡಗಡೆಯಿಂದ ಯಾರೋ ಒಬ್ಬ ಬುದ್ಧಿವಂತ ಎದ್ದು ವಿನೋದನ ಹಾಡಿಗೆ “ಒನ್ಸ್ ಮೋರ್” ಅಂದ. ಅವನ ಉಪಾಯ ಅರ್ಥವಾಗಿ ಇಡೀ ನ್ಯಾಮತಿ ಒಂದೇ ಬಾಯಿಂದ “ಒನ್ಸ್ ಮೋರ್” ಅಂದಿತು. ಕೃಷ್ಣ ಮೇಷ್ಟ್ರು ಸೀಟಿ ಊದಿದರು. ಪಾಯಿಂಟ್ ರದ್ದು.

ವಿನೋದ್ ಮತ್ತೆ ಹಾಡಿದ, ಮತ್ತೆ ಹೊಡೆದ. “ಒನ್ಸ್ ಮೋರ್.” ಮತ್ತೆ ಹಾಡಿದ. “ಒನ್ಸ್ ಮೋರ್.” ಎದುರಾಳಿಯ ಹಾಡಿಗೆ ಇಷ್ಟು ಅಕ್ಕರೆಯಿಂದ ಚಪ್ಪಾಳೆ ತಟ್ಟಿದ ಜನವನ್ನು ನಾನು ಬೇರೆಲ್ಲೂ ನೋಡಿಲ್ಲ. ಹಾಡಿದವನಿಗೂ ಅನುಮಾನ ಬಂತು, ತನ್ನ ದನಿ ಅಷ್ಟೇನೂ ಕೆಟ್ಟದ್ದಲ್ಲವೇನೋ ಎಂದು. ಹನ್ನೊಂದು ಸಲ ಹಾಡಿದ. ಹಾರ್ಮೋನಿಯಂನವರು ಕೈ ಬದಲಿಸಿದರು. ಸಿದ್ದಲಿಂಗೇಶ್ ಪರದೆಯ ಹಿಂದೆ ಬಂದು ಪಿಸುಗುಟ್ಟಿದ: “ಬಂಗಾರಣ್ಣ, ಮಂಗಳ ಯಾವಾಗ?”

“ಮ್ಯಾಚ್ ಮುಗಿದ ಮೇಲೆ.”

“ಮ್ಯಾಚ್ ಯಾವಾಗ ಮುಗೀತತೆ?”

ಮೂವತ್ತೊಂದು ವರ್ಷ ಎಲ್ಲರಿಗೂ ಮುಂದಿನ ಮಾತು ಹೇಳಿಕೊಟ್ಟವನು ಪುಸ್ತಕದ ಕೊನೆಯ ಹಾಳೆ ತಿರುವಿ ಅದರ ಹಿಂಬದಿಯನ್ನೂ ನೋಡಿದ.

ಹನ್ನೆರಡನೇ ಸಲ ವಿನೋದನ ಕಾಲು ಸೋತಿತು, ನೆಗೆತ ಗೇಣುದ್ದ ಕಡಿಮೆಯಾಯಿತು. ನಿಂಗರಾಜ್ ಅದಕ್ಕೇ ಕಾದಿದ್ದ. ನಾಟಕದಲ್ಲಿ ಇಲ್ಲದ ನೆಗೆತ ನೆಗೆದು, ಎರಡೂ ಕೈ ಎತ್ತಿ, ಇಲ್ಲದ ಚೆಂಡನ್ನು ತಡೆದು ಆ ಕಡೆ ಬೀಳಿಸಿದ. ತಬಲಾದವನು ಗಾಬರಿಯಲ್ಲಿ ಢಂ ಅನ್ನಿಸಿಬಿಟ್ಟ. ಕೃಷ್ಣ ಮೇಷ್ಟ್ರು ಬಗ್ಗಿ ನೋಡಿ ಕೈ ಎತ್ತಿದರು: “ಔಟ್. ಪಾಯಿಂಟ್ ಹೊನ್ನಾಳಿಗೆ.”

ಅಲ್ಲಿಗೆ ಪ್ರಳಯ. ಎಡಗಡೆಯವರು ರಂಗದ ಮೇಲೆ ಬಂದರು, ಬಲಗಡೆಯವರು ಅವರನ್ನು ತಡೆಯಲು ಬಂದರು. ನನ್ನ ಕುರ್ಚಿ ಮುರಿದದ್ದು ಆ ಹೊತ್ತಿಗೆ.

“ಲೈನ್ ಮ್ಯಾಲೆ ಬಿದ್ದೈತೆ. ಗುರುತು ನೋಡ್ರಿ ಇಲ್ಲಿ.”

“ಅದು ಮೊಳೆ ತಲೆ ಕಣಯ್ಯಾ.”

“ಮೊಳೆ ಪಕ್ಕದಾಗೆ ಬಿತ್ತು. ನನ್ನ ಕಣ್ಣಾರೆ ಕಂಡೀನಿ, ನನ್ನ ಮಕ್ಕಳಾಣೆ.”

ಒಬ್ಬ ಮೊಬೈಲಿನಲ್ಲಿ ತೆಗೆದ ವಿಡಿಯೋ ತೋರಿಸಿದ. ಇಪ್ಪತ್ತು ತಲೆ ಬಗ್ಗಿದವು. ಚೆಂಡು ಕಾಣಲಿಲ್ಲ. “ಜೂಮ್ ಮಾಡು,” ಅಂದರು. ಜೂಮ್ ಮಾಡಿದ. “ನಿನ್ನ ಮೊಬೈಲ್ ಸರಿ ಇಲ್ಲ,” ಅಂದರು.

ಗದ್ದಲ ಕೇಳಿ ಠಾಣೆಯಿಂದ ಎ.ಎಸ್.ಐ. ಕೊಟ್ರಮ್ಮ ಇಬ್ಬರು ಪೇದೆಗಳೊಂದಿಗೆ ಬಂದರು. ನಿವೃತ್ತಿಗೆ ಎಂಟು ತಿಂಗಳಿದ್ದ, ಯಾರ ಗೊಡವೆಯೂ ಬೇಡವಾಗಿದ್ದ ಹೆಂಗಸು.

“ಯಾರು ಯಾರಿಗೆ ಹೊಡೆದ್ರು?”

“ವಿನೋದ್ ಚೆಂಡಿಗೆ ಹೊಡೆದ ಮೇಡಂ.”

“ಅದಕ್ಕೇ ಜಗಳನಾ? ಚೆಂಡೆಲ್ಲಿ?”

“ಚೆಂಡಿಲ್ಲ ಮೇಡಂ.”

“ಯಾರು ಒಯ್ದ್ರು?”

“ಮೊದಲಿಂದಾನೂ ಇರಲಿಲ್ಲ ಮೇಡಂ.”

ಕೊಟ್ರಮ್ಮ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ನೀಲಿ ಗುಂಗುರು ಕೂದಲಿನವರನ್ನು ನೋಡಿದರು, ಕೆಂಪು ಕೆದರುಗೂದಲಿನವರನ್ನು ನೋಡಿದರು. “ಇರದೇ ಇರೋ ಚೆಂಡು ಲೈನ್ ಮ್ಯಾಲೆ ಬಿತ್ತೋ ಆಚೆ ಬಿತ್ತೋ ಅಂತ ಐದು ಬಸ್ ಜನ ಬಡಿದಾಡ್ತೀರಿ. ಸಾಕು. ನಾಟಕ ಬಂದ್. ಎಲ್ಲರೂ ಬಸ್ ಹತ್ರಿ.”

“ಮೇಡಂ, ಮಂಗಳ ಒಂದು ಹಾಡಿಬಿಡ್ತೀವಿ. ಎರಡೇ ನಿಮಿಷ,” ಅಂದ ಬಂಗಾರಪ್ಪ, ಪರದೆಯ ಹಿಂದಿನಿಂದಲೇ.

“ಯಾರದು ಮಾತಾಡೋದು?” ಎಂದು ಕೊಟ್ರಮ್ಮ ಸುತ್ತ ನೋಡಿದರು.

“ಮ್ಯಾಚ್ ಮುಗೀದೆ ಮಂಗಳ ಹಾಡಾಕೆ ಬಿಡಲ್ಲ,” ಅಂದರು ಎಡಗಡೆಯವರು. “ನಾವೂ ಬಿಡಲ್ಲ,” ಅಂದರು ಬಲಗಡೆಯವರು. ಆ ಮಧ್ಯಾಹ್ನ ಅವರಿಬ್ಬರೂ ಒಪ್ಪಿದ ಎರಡನೇ ಮಾತು ಇದು.

ಬಂಗಾರಪ್ಪ ಪುಸ್ತಕ ಕೆಳಗಿಟ್ಟ. ಪರದೆ ಸರಿಸಿ ಹೊರಗೆ ಬಂದ. ಮೂವತ್ತೊಂದು ವರ್ಷದಲ್ಲಿ ಆ ಪರದೆ ದಾಟಿದ್ದು ಅದೇ ಮೊದಲು. ಬನಿಯನ್, ಮಡಿಚಿ ಕಟ್ಟಿದ ಪಂಚೆ, ಕಿವಿಯ ಮೇಲೆ ಪೆನ್ನು. ಯಾರ ಕಡೆಯೂ ನೋಡದೆ ಗೆರೆಯ ಮೂಲೆಗೆ ಹೋದ. ಮೊಳೆಯ ಪಕ್ಕ ಬಗ್ಗಿ, ಎರಡೂ ಕೈಯಲ್ಲಿ ಚೆಂಡನ್ನು ಎತ್ತಿಕೊಂಡ. ಪಂಚೆಯ ಅಂಚಿನಿಂದ ಧೂಳು ಒರೆಸಿದ. ಹೊತ್ತುಕೊಂಡು ರಂಗದ ನಡುವೆ ನಡೆದ. ಗದ್ದಲ ನಿಂತಿತು. ನಿಂಗರಾಜ್ ಚೆಂಡಿಗೆ ಮೈ ತಾಗಬಾರದೆಂದು ಎರಡು ಹೆಜ್ಜೆ ಹಿಂದೆ ಸರಿದ.

“ತಗೊಳ್ರಿ ಮೇಡಂ,” ಅಂದ ಬಂಗಾರಪ್ಪ. “ಜಗಳಕ್ಕೆ ಕಾರಣ ಇದು. ನಿಮ್ಮ ವಶಕ್ಕೆ ಕೊಟ್ಟೀನಿ.”

ಕೊಟ್ರಮ್ಮ ಎರಡೂ ಕೈ ಚಾಚಿ ಚೆಂಡನ್ನು ತೆಗೆದುಕೊಂಡರು. ಎಡ ಕಂಕುಳಲ್ಲಿ ಇಟ್ಟುಕೊಂಡರು. ಇಟ್ಟುಕೊಂಡ ಮೇಲೆ ಅವರಿಗೆ ತಾನೇನು ಮಾಡಿದೆನೆಂದು ತಿಳಿಯಿತು. ಆದರೆ ಐದು ಬಸ್ ಜನ ನೋಡುತ್ತಿರುವಾಗ ಇಲ್ಲದ ಚೆಂಡನ್ನು ಕೆಳಗೆ ಹಾಕುವುದಕ್ಕೂ ಬರುವುದಿಲ್ಲ.

ಏಣಿಯ ಮೇಲಿಂದ ಉದ್ದ ಸೀಟಿ. “ಚೆಂಡು ಪೊಲೀಸರ ವಶ ಆಗೈತೆ,” ಅಂದರು ಕೃಷ್ಣ ಮೇಷ್ಟ್ರು. “ಚೆಂಡಿಲ್ಲದೆ ವಾಲಿಬಾಲ್ ಆಡಾಕೆ ನಿಯಮದಾಗೆ ಅವಕಾಶ ಇಲ್ಲ. ಪಂದ್ಯ ಸಮ.”

ಎರಡು ಗಂಟೆ ಚೆಂಡಿಲ್ಲದೆ ಆಡಿಸಿದವರ ಬಾಯಲ್ಲಿ ಆ ಮಾತು ಬಂದರೂ ಒಬ್ಬನೂ ನಗಲಿಲ್ಲ. ತೀರ್ಪು ನ್ಯಾಯವಾಗಿತ್ತು. ಹಾರ್ಮೋನಿಯಂ ಎದ್ದಿತು, ನೀಲಿ ಕೂದಲು ಕೆಂಪು ಕೂದಲು ಒಂದೇ ಸಾಲಿನಲ್ಲಿ ನಿಂತು ಮಂಗಳ ಹಾಡಿದವು. ನಿಂಗರಾಜನ ದನಿಯೇ ಎಲ್ಲಕ್ಕಿಂತ ಜೋರು. ಕೊನೆಯಲ್ಲಿ ಯಾರೋ “ಒನ್ಸ್...” ಅಂದರು. ಕೊಟ್ರಮ್ಮ ಖಾಲಿ ಇದ್ದ ಬಲಗೈ ಎತ್ತಿದರು. ಅಂದವನು ಕೂತ.

ಜನ ಕರಗಿದರು. ಸಿದ್ದಲಿಂಗೇಶ್ ಹಾರ ಹಿಡಿದು ಓಡಿ ಬರುತ್ತಿದ್ದ. ಭೀಮಕ್ಕ ರಂಗ ಹತ್ತಿ ಗಂಡನ ಬೆನ್ನ ಹಿಂದೆ ನಿಂತಿದ್ದಳು. ಕೊಟ್ರಮ್ಮ ಬಾಗಿಲ ತನಕ ಹೋದವರು ತಿರುಗಿ ಬಂದರು, ಎಡಗೈ ಇನ್ನೂ ಹಾಗೇ ಇತ್ತು.

“ಮೇಷ್ಟ್ರೆ,” ಅಂದರು. “ಈ ಚೆಂಡು ಎಲ್ಲಿ ಇಡ್ಲಿ?”

ಬಂಗಾರಪ್ಪ ಬಾಯಿ ತೆರೆದ. ಮಾತು ಬರಲಿಲ್ಲ. ಬೆನ್ನ ಹಿಂದಿನಿಂದ ಭೀಮಕ್ಕ ಮೆಲ್ಲಗೆ, ಅವನಿಗಷ್ಟೇ ಕೇಳುವ ಹಾಗೆ ಅಂದಳು: “ಗಾಳಿ ಹೋಗದಂಗೆ ಇಡ್ರಿ ಮೇಡಂ, ನಾಳೆ ಬಂದು ಒಯ್ತೀನಿ, ಅನ್ರಿ.”

“ಗಾಳಿ ಹೋಗದಂಗೆ ಇಡ್ರಿ ಮೇಡಂ,” ಅಂದ ಬಂಗಾರಪ್ಪ ಮೇಷ್ಟ್ರು, ರಂಗಮಂದಿರದ ಕೊನೆಯ ಸಾಲಿಗೂ ಕೇಳುವಂತೆ. “ನಾಳೆ ಬಂದು ಒಯ್ತೀನಿ.”

ಕೇಳಿದಿರಲ್ಲ, ಇನ್ನು ಇದನ್ನು ಒತ್ತಿ ಹಿಡಿದು ನಿಮ್ಮ ನಿಮ್ಮ ಗುಂಪಿಗೆ ಕಳಿಸಿ. ನ್ಯಾಮತಿಯವರಿಗೂ ಹೊನ್ನಾಳಿಯವರಿಗೂ ಒಂದೇ ಏಟಿಗೆ ಹೋಗಲಿ, ಯಾರಿಗೂ ಮೊದಲು ಬೇಡ. ಸಮ ಅಂದ್ಮೇಲೆ ಇಪ್ಪತ್ತನಾಲ್ಕು ಯಾರದು, ಇಪ್ಪತ್ತಮೂರು ಯಾರದು ಎಂದು ಅಲ್ಲಿ ಯಾರಾದರೂ ಕ್ಯಾತೆ ತೆಗೆದರೆ, ಆ ಒಂದು ವಿಷಯದಲ್ಲಿ ಅಜ್ಜನಿಗೆ ಮರೆವು ಎಂದು ಹೇಳಿಬಿಡಿ.